ವಾಚ್‌ನಲ್ಲಿ 171, ಫೋನ್‌ನಲ್ಲಿ 95, ರಾತ್ರಿ 44: ಯಾವುದನ್ನು ನಂಬುವುದು?

ನಾಪೋಕ್ಲು ತೋಟದವ · ಭಾನುವಾರ ರಾತ್ರಿ 8:50

ಎಲ್ಲರಿಗೂ ನಮಸ್ಕಾರ. ನನಗೆ 52 ವರ್ಷ, ತೋಟದ ಕೆಲಸ. ಮಗಳು ಬೆಂಗಳೂರಿನಿಂದ ಬರುವಾಗ ಒಂದು ಹೊಸ ವಾಚ್ ತಂದುಕೊಟ್ಟಳು. ಹೆಜ್ಜೆ, ನಿದ್ದೆ, ಹಾರ್ಟ್ ರೇಟ್ ಎಲ್ಲ ಹೇಳುತ್ತದೆ. ಮೂರು ತಿಂಗಳು ಚೆನ್ನಾಗಿಯೇ ಇತ್ತು. ನಮ್ಮ ಕುಟುಂಬದ ಗ್ರೂಪ್‌ನಲ್ಲಿ ಯಾರು ಜಾಸ್ತಿ ನಡೆಯುತ್ತಾರೆ ಅಂತ ಪಂದ್ಯ ಇಟ್ಟಿದ್ದರು. ಜನವರಿ ಪೂರ್ತಿ ನಾನೇ ಫಸ್ಟ್. ಬಹುಮಾನ ಒಂದು ಬಾಟಲಿ ಕಾಡುಜೇನು.

ಈಗ ತಲೆನೋವು ಶುರುವಾಗಿದೆ. ಮೊನ್ನೆ ಗುರುವಾರ ಬೆಳಿಗ್ಗೆ ರೊಬಸ್ಟಾ ಕೊಯ್ಲಿನ ಕೊನೆ ಸುತ್ತು ನಡೆಯುತ್ತಿತ್ತು. ಇನ್ನೊಂದು ಕಡೆ ಸ್ಪ್ರಿಂಕ್ಲರ್ ಹಾಕಿದ್ದೆವು. ಪೈಪ್ ಜಾಯಿಂಟ್ ಬಿಟ್ಟಿತು ಅಂತ ಕೆಳಗಿನಿಂದ ಕೂಗಿದರು. ಮೋಟಾರ್ ಆಫ್ ಮಾಡಲು ಇಳಿಜಾರಿನಲ್ಲಿ ಸಣ್ಣ ಸಣ್ಣ ಹೆಜ್ಜೆ ಹಾಕಿಕೊಂಡು ಕೆರೆ ಕಡೆ ಓಡಿದೆ. ವಾಚ್ ಗಡಗಡ ಅಂತ ನಡುಗಿತು. ನೋಡಿದರೆ ಕೆಂಪು ಅಕ್ಷರದಲ್ಲಿ 171. ಗರಿಷ್ಠ ಮಿತಿ ದಾಟಿದೆಯಂತೆ. ಅದಕ್ಕೆ ಸ್ವಲ್ಪ ಮುಂಚೆ ಮೂಟೆ ಹೊತ್ತುಕೊಂಡು ಕಣಕ್ಕೆ ಹತ್ತಿದ್ದೆ, ಆಗ ಬರೀ 128. ಮೂಟೆ ಹೊತ್ತು ಹತ್ತುವಾಗ ಕಡಿಮೆ, ಬರಿಗೈಯಲ್ಲಿ ಇಳಿಯುವಾಗ ಜಾಸ್ತಿ! ಇದು ಯಾವ ನ್ಯಾಯ?

ಮನೆಗೆ ಬಂದು ಫೋನಿನ ಆ್ಯಪ್ ನೋಡಿದೆ. ಅದೇ ಗಂಟೆಗೆ ಅಲ್ಲಿ ಸರಾಸರಿ 95. ಕೆಳಗೆ ‘ಕಳೆದ ರಾತ್ರಿ ಕನಿಷ್ಠ 44’ ಅಂತ ಬೇರೆ. ವಿಶ್ರಾಂತಿಯ ಬಡಿತ ವಾಚ್ ಪ್ರಕಾರ 71, ಆ್ಯಪ್ ಪ್ರಕಾರ 58.

ಹೆಂಡತಿ ಬಿಡಲಿಲ್ಲ, ಅವತ್ತೇ ಆಸ್ಪತ್ರೆಗೆ ಹೋದೆವು. ಇಸಿಜಿ ತೆಗೆದರು, ನಾರ್ಮಲ್ ಅಂದರು. ಡಾಕ್ಟರ್ ವಾಚ್ ನೋಡಿ ನಕ್ಕು ‘ಇದನ್ನು ಬಿಚ್ಚಿಟ್ಟು ಮಲಗಿ’ ಅಂದರು. ಬಿಚ್ಚಿಟ್ಟರೆ ಮಗಳಿಗೆ ಬೇಜಾರು, ಕಟ್ಟಿಕೊಂಡರೆ ನನಗೆ ಭಯ. ತಿಳಿದವರು ಹೇಳಿ.

ವಿರಾಜಪೇಟೆ ರಿಪೇರಿ · ಭಾನುವಾರ ರಾತ್ರಿ 9:15

ಅಣ್ಣ, ಮೊದಲು ವಾಚ್ ಬಿಚ್ಚಿ ಹಿಂದುಗಡೆ ನೋಡಿ. ಹಸಿರು ದೀಪ ಮಿನುಗುವ ಗಾಜು ಇದೆಯಲ್ಲ, ಅದರ ಮೇಲೆ ಏನಿದೆ? ನನ್ನ ಅಂಗಡಿಗೆ ಬರುವ ವಾಚ್‌ಗಳಲ್ಲಿ ಈ ಎರಡು ತಿಂಗಳು ಕಾಣುವುದು ಒಂದೇ: ಕಾಫಿ ಹಣ್ಣಿನ ಅಂಟು ಒಣಗಿ ಕಂದು ಬಣ್ಣದ ಪೊರೆ ಆಗಿರುತ್ತದೆ. ಉಗುರಿನಲ್ಲಿ ಕೆರೆದರೆ ಹಪ್ಪಳದ ಹಾಗೆ ಏಳುತ್ತದೆ. (ಉಗುರಿನಲ್ಲಿ ಕೆರೆಯಬೇಡಿ, ಗೀರು ಬೀಳುತ್ತದೆ. ಒದ್ದೆ ಬಟ್ಟೆ ಸಾಕು.)

ಆ ದೀಪ ಏನು ಮಾಡುತ್ತದೆ ಅಂದರೆ, ಚರ್ಮದೊಳಗೆ ಬೆಳಕು ಬಿಟ್ಟು ಎಷ್ಟು ವಾಪಸ್ ಬಂತು ಅಂತ ನೋಡುತ್ತದೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಒಂದೊಂದು ಬಡಿತಕ್ಕೂ ಮಣಿಕಟ್ಟಿನ ಸಣ್ಣ ನಾಳಗಳಿಗೆ ರಕ್ತ ನುಗ್ಗುತ್ತದೆ, ಆಗ ವಾಪಸ್ ಬರುವ ಬೆಳಕು ಒಂದು ಚೂರು ಕಮ್ಮಿ. ಈ ಏರಿಳಿತವನ್ನು ಎಣಿಸುವುದೇ ಅದರ ಕೆಲಸ. ವಾಚ್ ಹೃದಯವನ್ನು ನೋಡುವುದೇ ಇಲ್ಲ, ಬೆಳಕನ್ನು ಮಾತ್ರ ನೋಡುತ್ತದೆ. ಪಟ್ಟಿ ಸಡಿಲ ಇದ್ದರೆ ಹೊರಗಿನ ಬಿಸಿಲೂ ಒಳಗೆ ನುಗ್ಗಿ ಲೆಕ್ಕ ಕೆಡುತ್ತದೆ.

ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ ಕಟ್ಟಿ. ಕೈ ಅಲ್ಲಾಡಿಸಿದರೆ ಜಾರಬಾರದು, ಹಾಗಂತ ಅಚ್ಚು ಬೀಳುವಷ್ಟು ಬಿಗಿಯೂ ಬೇಡ.

ಹಳೇ ರೈಟರ್ · ಭಾನುವಾರ ರಾತ್ರಿ 9:32

ನಲವತ್ತು ವರ್ಷ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಹಾಜರಿ ಪುಸ್ತಕ ಹಿಡಿದು ಗುಡ್ಡ ಹತ್ತಿ ಇಳಿದೆ. ಬಡಿತ ಎಷ್ಟು ಅಂತ ಒಂದು ದಿನವೂ ಯಾರೂ ಕೇಳಲಿಲ್ಲ. ಸುಮ್ನೆ ಬಿಚ್ಚಿಡಿ.

ಸೆಂಟರ್ ಫಾರ್ವರ್ಡ್ · ಭಾನುವಾರ ರಾತ್ರಿ 9:58

ನನ್ನದು ಉಲ್ಟಾ ಕಥೆ. ನಮ್ಮ ಕುಟುಂಬದ ಟೀಮ್‌ನಲ್ಲಿ ನಾನು ಹಾಕಿ ಆಡುತ್ತೇನೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಗೊತ್ತಲ್ಲ, ನಮ್ಮ ಮನೆಯಲ್ಲಿ ಅದೇ ದೊಡ್ಡ ಹಬ್ಬ. ಪ್ರಾಕ್ಟೀಸ್‌ನಲ್ಲಿ ಜೀವ ಬಾಯಿಗೆ ಬಂದಿರುತ್ತದೆ, ವಾಚ್ 104 ಅನ್ನುತ್ತದೆ. ‘ಲಘು ವ್ಯಾಯಾಮ’ ಅಂತೆ!

ನಮ್ಮ ಟೀಮ್‌ನ ಒಬ್ಬ ಎದೆಗೆ ಕಟ್ಟುವ ಪಟ್ಟಿ ಕೊಟ್ಟ. ಕಟ್ಟಿಕೊಂಡು ಆಡಿದೆ. ಅದರಲ್ಲಿ 176, ಅದೇ ಹೊತ್ತಿಗೆ ವಾಚ್‌ನಲ್ಲಿ 109. ಆಮೇಲೆ ಕಾರಣ ಹೊಳೆಯಿತು. ಸ್ಟಿಕ್ ಬಿಗಿಯಾಗಿ ಹಿಡಿದಾಗ ಮುಂಗೈ ಸ್ನಾಯು ಗಟ್ಟಿಯಾಗುತ್ತದೆ, ಮಣಿಕಟ್ಟು ಮಡಚುತ್ತದೆ. ಚರ್ಮದ ಹತ್ತಿರದ ರಕ್ತ ಹಿಂಡಿದಂತಾಗುತ್ತದೆ, ವಾಚ್ ಮೇಲೆದ್ದು ಕೂರುತ್ತದೆ. ಅದಕ್ಕೆ ಬಡಿತ ಸಿಗುವುದೇ ಇಲ್ಲ. ಅಣ್ಣ, ನೀವು ಮೂಟೆ ಹೊತ್ತಾಗ 128 ಬಂದಿದ್ದೂ ಹೀಗೇ ಕಮ್ಮಿ ತೋರಿಸಿರಬಹುದು. ಮೂಟೆಯ ಮೂಲೆ ಹಿಡಿದುಕೊಂಡೇ ಇರುತ್ತೀರಿ ಅಲ್ವಾ?

ಎದೆಪಟ್ಟಿಯದು ಬೇರೆ ವಿದ್ಯೆ. ಅದು ಇಸಿಜಿ ಹಾಗೆ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಫಿನ್ಲೆಂಡಿನ ಪೋಲಾರ್ ಕಂಪನಿ 1982ರಲ್ಲೇ ಇಂಥ ವೈರ್ ಇಲ್ಲದ ಪಟ್ಟಿ ಮಾರಾಟಕ್ಕೆ ತಂದಿತ್ತು. ಕಟ್ಟುವ ಮುಂಚೆ ರಬ್ಬರಿನ ಭಾಗ ಒದ್ದೆ ಮಾಡಬೇಕು, ಇಲ್ಲದಿದ್ದರೆ ಮೊದಲ ಹತ್ತು ನಿಮಿಷ ಅದೂ ಸುಳ್ಳು ಹೇಳುತ್ತದೆ. ನಾನು ಉಗುಳು ಹಚ್ಚುತ್ತೇನೆ. ಪಟ್ಟಿಯ ಓನರ್‌ಗೆ ಹೇಳಬೇಡಿ.

ಮಡಿಕೇರಿ ಮಂಜು · ಭಾನುವಾರ ರಾತ್ರಿ 10:20

ಇದನ್ನೆಲ್ಲ ಓದಿ ತಡೆಯಲಾಗಲಿಲ್ಲ. ಅಡುಗೆಮನೆಯಲ್ಲಿ ಮಧ್ಯಾಹ್ನದ ಕಡಂಬುಟ್ಟು, ಅದೇ ಅಕ್ಕಿ ತರಿಯ ಉಂಡೆ, ಎರಡು ಉಳಿದಿತ್ತು. ಒಂದಕ್ಕೆ ವಾಚ್ ಕಟ್ಟಿದೆ. ಇಪ್ಪತ್ತು ಸೆಕೆಂಡ್ ಯೋಚಿಸಿ 74 ಅಂದಿತು. ಕಡಂಬುಟ್ಟಿನ ಆರೋಗ್ಯ ಚೆನ್ನಾಗಿದೆ.

ಸೆಂಟರ್ ಫಾರ್ವರ್ಡ್ · ಭಾನುವಾರ ರಾತ್ರಿ 10:22

ಪಂದಿ ಕರಿ ಜೊತೆ ಇಟ್ಟು ನೋಡಿ, 120 ದಾಟುತ್ತದೆ 😂

ಕುಶಾಲನಗರದ ಹುಡುಗ · ಭಾನುವಾರ ರಾತ್ರಿ 10:41

ನಗಬೇಡಿ, ಕಡಂಬುಟ್ಟು ಪರೀಕ್ಷೆ ನಿಜಕ್ಕೂ ಒಳ್ಳೆಯದು. ವಾಚ್‌ಗೆ ಬರುವುದು ಏರಿಳಿಯುವ ಬೆಳಕಿನ ಒಂದು ಗೆರೆ. ಅದರೊಳಗೆ ಲಯ ಹುಡುಕು ಅಂತ ಪ್ರೋಗ್ರಾಂ ಬರೆದಿರುತ್ತಾರೆ. ಲಯ ಇಲ್ಲದ ಕಡೆಯೂ ಅದು ಏನೋ ಒಂದು ಹುಡುಕಿ ಕೊಡುತ್ತದೆ. ‘ಗೊತ್ತಾಗಲಿಲ್ಲ’ ಅಂತ ಎರಡು ಅಡ್ಡಗೆರೆ ತೋರಿಸುವ ವಾಚ್ ಇದ್ದರೆ ಅದು ಮರ್ಯಾದಸ್ಥ ವಾಚ್. ಜನ ಮಾತ್ರ ಅದಕ್ಕೇ ಒಂದು ಸ್ಟಾರ್ ಕೊಡುತ್ತಾರೆ.

ಬೆಟ್ಟದ ಹುಡುಗಿ · ಸೋಮವಾರ ಬೆಳಿಗ್ಗೆ 6:30

ತೋಟದಣ್ಣ, ನಿಮ್ಮ 171 ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಅದು ನಿಮ್ಮ ಹೆಜ್ಜೆ.

ಕಕ್ಕಬ್ಬೆ ಕಡೆಯಿಂದ ತಡಿಯಂಡಮೋಳ್‌ಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ನಾಲ್ಕುನಾಡು ಅರಮನೆ ಹತ್ತಿರದಿಂದ ಶುರುಮಾಡಿ 1748 ಮೀಟರ್‌ನ ತುದಿ ಮುಟ್ಟುವಾಗ ಕೊನೆಯ ಏರಿನಲ್ಲಿ ನಾಲಿಗೆ ಹೊರಗೆ ಬಂದಿರುತ್ತದೆ. ಆಗ ನನ್ನ ವಾಚ್ 150ರ ಆಸುಪಾಸು, ಅದು ಸರಿ. ಇಳಿಯುವಾಗ ಉಸಿರು ಆರಾಮ, ಹಾಡು ಹೇಳಿಕೊಂಡು ಬರುತ್ತೇನೆ. ವಾಚ್ 166! ಎರಡು ಮೂರು ಸಲ ಹೀಗೇ ಆಯಿತು. ಒಂದು ದಿನ ನಿಮಿಷಕ್ಕೆ ಎಷ್ಟು ಹೆಜ್ಜೆ ಹಾಕುತ್ತೇನೆ ಅಂತ ಎಣಿಸಿದೆ. 164.

ಪ್ರತಿ ಹೆಜ್ಜೆಗೂ ಕೈ ಕುಲುಕುತ್ತದೆ, ವಾಚ್ ಚರ್ಮದ ಮೇಲೆ ಒಂದು ಚೂರು ಕುಣಿಯುತ್ತದೆ. ಆ ಕುಣಿತವೂ ಬೆಳಕಿನಲ್ಲಿ ಏರಿಳಿತ ಮಾಡುತ್ತದೆ, ಅದು ರಕ್ತದ ಏರಿಳಿತಕ್ಕಿಂತ ದೊಡ್ಡದಾಗಿರುತ್ತದೆ. ವಾಚ್ ಪಾಪ, ದೊಡ್ಡ ಲಯವನ್ನು ಹಿಡಿದುಕೊಂಡು ಅದೇ ಹೃದಯ ಅಂದುಕೊಳ್ಳುತ್ತದೆ. ಓಡುವವರಿಗೆ ಇದು ಹಳೇ ಸಮಸ್ಯೆ.

ಕಂಡುಹಿಡಿಯುವುದು ಸುಲಭ. ಅಂಥ ಸಂಖ್ಯೆ ಬಂದ ತಕ್ಷಣ ಗಕ್ಕನೆ ನಿಲ್ಲಿ. ನಿಜವಾದ ಬಡಿತ ನಿಧಾನಕ್ಕೆ ಇಳಿಯುತ್ತದೆ. ಹತ್ತು ಸೆಕೆಂಡಿನಲ್ಲಿ 60 ಇಳಿದರೆ ಅದು ಕಾಲು, ಹೃದಯ ಅಲ್ಲ.

ನಾಪೋಕ್ಲು ತೋಟದವ · ಸೋಮವಾರ ಬೆಳಿಗ್ಗೆ 7:05

ಅಯ್ಯೋ, ಹೌದು! ಮೋಟಾರ್ ಶೆಡ್ಡಿನಲ್ಲಿ ನಿಂತ ಕೂಡಲೇ 171 ಇದ್ದದ್ದು 110 ಆಗಿತ್ತು. ಸ್ವಿಚ್ ಆಫ್ ಮಾಡಿ ತಿರುಗುವಷ್ಟರಲ್ಲಿ. ಹೃದಯ ನಿಂತೇ ಹೋಗುತ್ತದೇನೋ ಅಂತ ಇನ್ನೂ ಹೆದರಿದ್ದೆ.

ಕುಶಾಲನಗರದ ಹುಡುಗ · ಸೋಮವಾರ ಬೆಳಿಗ್ಗೆ 9:10

ಅಂಕಲ್, ಕೆಂಪು ಅಕ್ಷರದ ಬಗ್ಗೆ ಒಂದು ಮಾತು. ‘ಗರಿಷ್ಠ ಮಿತಿ’ ಅಂತ ವಾಚ್ ಹೇಳಿದ್ದು ನಿಮ್ಮನ್ನು ನೋಡಿ ಅಲ್ಲ, ನಿಮ್ಮ ವಯಸ್ಸು ನೋಡಿ. 220ರಿಂದ ವಯಸ್ಸು ಕಳೆ ಅನ್ನುವ ಸೂತ್ರ. 1971ರ ಸುಮಾರಿಗೆ ಬಂದದ್ದು, ಇವತ್ತಿಗೂ ಎಲ್ಲ ಕಡೆ ಅದೇ ಓಡುತ್ತಿದೆ. ನಿಮಗೆ 220 ಕಳೆ 52, ಅಂದರೆ 168. ಅದಕ್ಕೇ 171ಕ್ಕೆ ಕೆಂಪು. 2001ರಲ್ಲಿ ಇನ್ನೊಂದು ಸೂತ್ರ ಬಂತು, ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯುವುದು. ಅದರ ಪ್ರಕಾರ ನಿಮ್ಮದು 171.6. ಆ ಸೂತ್ರದ ವಾಚ್ ಆಗಿದ್ದರೆ ಅವತ್ತು ಸುಮ್ಮನಿರುತ್ತಿತ್ತು, ನೀವು ಇಸಿಜಿಗೂ ಹೋಗುತ್ತಿರಲಿಲ್ಲ. ಎರಡೂ ಸರಾಸರಿ ಲೆಕ್ಕ. ಒಂದೇ ವಯಸ್ಸಿನ ಇಬ್ಬರಲ್ಲಿ ಹತ್ತು ಹದಿನೈದು ಬಡಿತ ಹೆಚ್ಚುಕಮ್ಮಿ ಇರುವುದು ಸಹಜ.

ಆದರೆ 95 ಮತ್ತು 44 ನನಗೆ ಇನ್ನೂ ಅರ್ಥವಾಗಿಲ್ಲ. ಸಂಜೆ ಬರೆಯುತ್ತೇನೆ.

ಗೋಣಿಕೊಪ್ಪ ಸಿಸ್ಟರ್ · ಸೋಮವಾರ ಮಧ್ಯಾಹ್ನ 2:15

ಡ್ಯೂಟಿ ಮುಗಿಸಿ ಈಗ ಓದಿದೆ. ಅಣ್ಣ, ಇಸಿಜಿ ಮಾಡಿಸಿದ್ದು ಒಳ್ಳೆಯದೇ ಆಯಿತು, ದುಡ್ಡು ಹೋಯಿತು ಅಂದುಕೊಳ್ಳಬೇಡಿ. ಆದರೆ ಇಸಿಜಿ ಆ ಕೆಲವು ಸೆಕೆಂಡಿನ ಫೋಟೊ ಅಷ್ಟೇ. ವಾಚ್ ಇಡೀ ದಿನದ ಸಿನಿಮಾ, ಮಸುಕಾದ ಸಿನಿಮಾ. ಎರಡರ ನಡುವೆ ನಿಮ್ಮ ಹತ್ತಿರವೇ ಒಂದು ಉಪಕರಣ ಇದೆ, ಬೆರಳು.

ಅಂಗೈ ಮೇಲೆ ಮಾಡಿ ಹಿಡಿಯಿರಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಅಂಚಿನ ಸಣ್ಣ ತಗ್ಗಿನಲ್ಲಿ ಇನ್ನೊಂದು ಕೈಯ ತೋರುಬೆರಳು, ಮಧ್ಯದ ಬೆರಳು ಇಡಿ. ಮೆಲ್ಲಗೆ. ಒತ್ತಿದರೆ ನಾಡಿ ಮಾಯ. ಹೆಬ್ಬೆರಳು ಇಡಬೇಡಿ, ಅದರದ್ದೇ ನಾಡಿ ಸಿಕ್ಕಿ ಮೋಸ ಮಾಡುತ್ತದೆ. ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ನೋಡಿಕೊಂಡು 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ಬಡಿತ ಹಿಂದುಮುಂದು ಆಗುತ್ತಿದ್ದರೆ, ಮಧ್ಯೆ ಬಿಟ್ಟುಹೋಗುತ್ತಿದ್ದರೆ ಪೂರ್ತಿ 60 ಸೆಕೆಂಡ್ ಎಣಿಸಿ, ಡಾಕ್ಟರ್‌ಗೆ ಹೇಳಿ. ಅಂಥ ಲಯ ತಪ್ಪಿದ ನಾಡಿಯಲ್ಲಿ ವಾಚ್ ಜಾಸ್ತಿ ಎಡವುತ್ತದೆ.

ದೊಡ್ಡವರಿಗೆ ಸುಮ್ಮನೆ ಕೂತಾಗ 60ರಿಂದ 100ರೊಳಗೆ ಇದ್ದರೆ ಸಹಜ. ಚೆನ್ನಾಗಿ ಆಡುವವರಿಗೆ 50ಕ್ಕಿಂತ ಕೆಳಗೂ ಇರಬಹುದು. ಎಣಿಸುವ ಮುಂಚೆ ಕಾಫಿ ಕುಡಿದಿದ್ದೀರಾ ಅಂತ ನೋಡಿಕೊಳ್ಳಿ. ನಮ್ಮ ಮನೆಗಳ ಕಾಫಿ ರೊಬಸ್ಟಾ, ಅರೇಬಿಕಾಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು ಕೆಫೀನ್. ಕೆಲವರಿಗೆ ಅದರಿಂದಲೇ ಎದೆ ಡವಡವ ಅನ್ನುತ್ತದೆ.

ಎದೆನೋವು, ಉಸಿರು ಕಟ್ಟುವುದು, ಕಣ್ಣು ಕತ್ತಲೆ ಬರುವುದು ಇದ್ದರೆ ವಾಚ್ ಎಷ್ಟು ತೋರಿಸುತ್ತದೆ ಅಂತ ನೋಡುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ. ವಾಚ್ 72 ಅಂದರೂ ಸರಿ.

ಹಳೇ ರೈಟರ್ · ಸೋಮವಾರ ಸಂಜೆ 5:40

ಸಿಸ್ಟರ್ ಹೇಳಿದ ಹಾಗೆ ಎಣಿಸಿದೆ. 66. ಇದು ಪರವಾಗಿಲ್ಲ, ಚಾರ್ಜ್ ಹಾಕುವ ಕೆಲಸವಿಲ್ಲ.

ಮಡಿಕೇರಿ ಮಂಜು · ಸೋಮವಾರ ಸಂಜೆ 6:02

ನಮ್ಮ ಚರ್ಮ ಕಪ್ಪು ಅಂತ ವಾಚ್ ಸರಿಯಾಗಿ ಓದುವುದಿಲ್ಲ ಅನ್ನುತ್ತಾರಲ್ಲ, ನಿಜವಾ?

ಕುಶಾಲನಗರದ ಹುಡುಗ · ಸೋಮವಾರ ರಾತ್ರಿ 8:30

ಅದನ್ನು ಅಮೆರಿಕದ ಡ್ಯೂಕ್ ಯೂನಿವರ್ಸಿಟಿಯವರು ಪರೀಕ್ಷೆ ಮಾಡಿ 2020ರಲ್ಲಿ ಪ್ರಕಟಿಸಿದ್ದರು. ಬೇರೆ ಬೇರೆ ಬಣ್ಣದ ಚರ್ಮದವರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಅವರಿಗೆ ಸಿಗಲಿಲ್ಲ. ಸಿಕ್ಕಿದ್ದು ಬೇರೆ: ಸುಮ್ಮನಿದ್ದಾಗಿನದ್ದಕ್ಕಿಂತ ಓಡಾಡುವಾಗ ತಪ್ಪು ಸರಾಸರಿ 30 ಪರ್ಸೆಂಟ್ ಜಾಸ್ತಿ. ಅಂದರೆ ಬಣ್ಣಕ್ಕಿಂತ ಅಲುಗಾಟದ್ದೇ ಕಾಟ. ಹಚ್ಚೆ ಇದ್ದರೆ ಮಾತ್ರ ತೊಂದರೆ, ಶಾಯಿ ಬೆಳಕನ್ನು ತಡೆಯುತ್ತದೆ.

ಹಾಗಂತ ವಾಚ್ ಪೂರ್ತಿ ದಂಡ ಅಂತಲೂ ಅಲ್ಲ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಏಳು ಸಾಧನ ತೆಗೆದುಕೊಂಡು 60 ಜನರ ಮೇಲೆ ನೋಡಿದರು. ಏಳರಲ್ಲಿ ಆರು, ಹಾರ್ಟ್ ರೇಟ್‌ನಲ್ಲಿ 5 ಪರ್ಸೆಂಟ್ ಒಳಗೇ ತಪ್ಪಿದವು. ಮಾನ ಹೋಗಿದ್ದು ಕ್ಯಾಲೊರಿ ಲೆಕ್ಕದಲ್ಲಿ. ಇದ್ದುದರಲ್ಲಿ ಒಳ್ಳೆಯದು 27 ಪರ್ಸೆಂಟ್ ತಪ್ಪು, ಕೆಟ್ಟದ್ದು 93. ಕ್ಯಾಲೊರಿ ನೋಡಿಕೊಂಡು ಇನ್ನೊಂದು ಅಕ್ಕಿರೊಟ್ಟಿ ಹಾಕಿಸಿಕೊಳ್ಳುವವರು ಗಮನಿಸಿ.

ಈಗ ಅಂಕಲ್ ವಿಷಯ. ‘ವಿಶ್ರಾಂತಿಯ ಬಡಿತ’ ಅಂತ ಎಲ್ಲ ಆ್ಯಪ್‌ನಲ್ಲೂ ಒಂದೇ ಹೆಸರು, ಲೆಕ್ಕ ಬೇರೆ ಬೇರೆ. ಗಾರ್ಮಿನ್ 24 ಗಂಟೆಯಲ್ಲಿ ಅತಿ ಕಡಿಮೆ ಇದ್ದ 30 ನಿಮಿಷದ ಸರಾಸರಿ ತೆಗೆದುಕೊಳ್ಳುತ್ತದೆ. ಫಿಟ್‌ಬಿಟ್ ಎಚ್ಚರದ ಹೊತ್ತಿನದ್ದನ್ನೂ ನಿದ್ದೆಯ ಹೊತ್ತಿನದ್ದನ್ನೂ ಸೇರಿಸಿ ಲೆಕ್ಕ ಹಾಕುತ್ತದೆ. ಹಾಗಾಗಿ ಐದಾರು ಬಡಿತ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. ಜೊತೆಗೆ, ಸುಮ್ಮನಿರುವಾಗ ಎಷ್ಟೋ ವಾಚ್‌ಗಳು ಬ್ಯಾಟರಿ ಉಳಿಸಲು ಹತ್ತು ನಿಮಿಷಕ್ಕೊಮ್ಮೆ ಅಳೆಯುತ್ತವೆ. ವ್ಯಾಯಾಮದ ಮೋಡ್ ಹಾಕಿದರೆ ಮಾತ್ರ ಬಿಡದೆ ಅಳೆಯುವುದು.

ಆದರೆ 71 ಮತ್ತು 58 ಅಂದರೆ 13 ಅಂತರ. ನನಗೆ ಅನುಮಾನ ಇದೆ. ನಿಮ್ಮ ಫೋನ್ ಆಂಡ್ರಾಯ್ಡ್ 14 ಅಥವಾ ಅದಕ್ಕಿಂತ ಹೊಸದಾಗಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಹೆಲ್ತ್ ಕನೆಕ್ಟ್ ಅಂತ ಇರುತ್ತದೆ. ಎಲ್ಲ ಆ್ಯಪ್‌ಗಳು ತಂದು ಸುರಿಯುವ ಕಣ ಅದು. ಒಳಗೆ ಹಾರ್ಟ್ ರೇಟ್ ಒತ್ತಿ, ಗುರುವಾರ ಬೆಳಿಗ್ಗೆ 10:40ರಿಂದ ಒಂದೊಂದು ನಿಮಿಷದ್ದು ಏನಿದೆ ಅಂತ ಇಲ್ಲಿ ಹಾಕಿ.

ನಾಪೋಕ್ಲು ತೋಟದವ · ಬುಧವಾರ ರಾತ್ರಿ 9:25

ಎರಡು ದಿನ ನೆಟ್‌ವರ್ಕ್ ಇರಲಿಲ್ಲ. ಕರೆಂಟೂ ಅಷ್ಟಕ್ಕಷ್ಟೇ. ಅದೇ ಹೊತ್ತಿಗೆ ನೀವೆಲ್ಲ ಹೇಳಿದ್ದನ್ನು ಮಾಡಿ ನೋಡಿದೆ, ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟಿದ್ದೇನೆ.

ಮಂಗಳವಾರ ಬೆಳಿಗ್ಗೆ 6:15, ಅಂಗಳದಲ್ಲಿ ನಿಂತು, ಚಳಿ. ಬೆರಳಲ್ಲಿ 68. ವಾಚ್ ಮೊದಲು ಎರಡು ಗೆರೆ, ಆಮೇಲೆ 112. ಒಳಗೆ ಬಂದು ಒಲೆ ಮುಂದೆ ಐದು ನಿಮಿಷ ಕೈ ಕಾಯಿಸಿದೆ. ಬೆರಳು 68, ವಾಚ್ 69. ನನಗೇ ನಂಬಲಾಗಲಿಲ್ಲ. ಬುಧವಾರ ಮತ್ತೆ ಮಾಡಿದೆ, ಹಾಗೇ ಬಂತು.

ಕಳೆ ಹೊಡೆಯುವ ಮಿಷನ್ ಹಿಡಿದಾಗ ವಾಚ್ 147, ನಿಲ್ಲಿಸಿದ ಕೂಡಲೇ ಬೆರಳಲ್ಲಿ ಎಣಿಸಿದರೆ 104. ಕೈ ಜುಂ ಅನ್ನುತ್ತಿದ್ದದ್ದರಿಂದ ನಾಡಿ ಸಿಗಲು ಕಷ್ಟವಾಯಿತು, ಕುತ್ತಿಗೆಯಲ್ಲಿ ಹಿಡಿದೆ. ವಾಚ್ ಮೇಲೆ ಕಟ್ಟಿ, ಗಾಜು ಒರೆಸಿದ ಮೇಲೆ ಮೂಟೆ ಹೊತ್ತಾಗ 139. ಇಳಿಜಾರಿನಲ್ಲಿ ಬೇಕಂತಲೇ ಓಡಿದೆ, 122. ಗಾಜಿನ ಮೇಲೆ ಅಂಟು ಇದ್ದದ್ದು ನಿಜ, ರಿಪೇರಿಯಣ್ಣನಿಗೆ ನಮಸ್ಕಾರ.

ತಮ್ಮಾ, ನೀನು ಕೇಳಿದ ಲೆಕ್ಕ ಇಲ್ಲಿದೆ. 10:40ಕ್ಕೆ 128. 10:41ಕ್ಕೆ 62. 10:42ಕ್ಕೆ 126. 10:43ಕ್ಕೆ 63. ಹೀಗೇ ಮುಂದೆ ಹೋಗುತ್ತದೆ. 10:52ಕ್ಕೆ 171, 10:53ಕ್ಕೆ 63.

ಬೆಟ್ಟದ ಹುಡುಗಿ · ಬುಧವಾರ ರಾತ್ರಿ 9:31

ಚಳಿಯದ್ದು ಹೇಳಲು ಮರೆತಿದ್ದೆ. ಚಳಿಗೆ ಚರ್ಮದ ನಾಳಗಳು ಕುಗ್ಗಿ ರಕ್ತ ಒಳಗೆ ಸರಿಯುತ್ತದೆ. ಬೆಳಕಿಗೆ ನೋಡಲು ಏನೂ ಇರುವುದಿಲ್ಲ. ನಾನು ಬೆಳಿಗ್ಗೆ ಹೊರಡುವ ಮುಂಚೆ ಜರ್ಕಿನ್ ತೋಳಿನೊಳಗೆ ವಾಚ್ ಮುಚ್ಚಿಕೊಂಡು ಹತ್ತು ನಿಮಿಷ ನಡೆಯುತ್ತೇನೆ, ಆಮೇಲೆ ನೋಡುವುದು.

ಆದರೆ 128, 62, 126, 63 ಏನಿದು?

ಕುಶಾಲನಗರದ ಹುಡುಗ · ಬುಧವಾರ ರಾತ್ರಿ 9:44

ಅಂಕಲ್, ಒಂದೇ ಹೃದಯ ಒಂದು ನಿಮಿಷ 128, ಮರುನಿಮಿಷ 62, ಮತ್ತೆ 126 ಆಗುವುದಿಲ್ಲ. ಬೆಳಕಿನ ತಪ್ಪಾದರೆ ಇಷ್ಟು ನೀಟಾಗಿ ಬರುವುದಿಲ್ಲ, ಚೆಲ್ಲಾಪಿಲ್ಲಿ ಇರುತ್ತದೆ. ಇಲ್ಲಿರುವುದು ಎರಡು ಹೃದಯ. 128ಕ್ಕೂ 62ಕ್ಕೂ ನಡುವೆ ಎಷ್ಟು? 95. ನಿಮ್ಮ ಆ್ಯಪ್ ಎರಡನ್ನೂ ಕಲಸಿ ಸರಾಸರಿ ತೆಗೆದಿದೆ.

ಒಂದೊಂದು ಸಂಖ್ಯೆಯ ಕೆಳಗೂ ಯಾವ ಆ್ಯಪ್ ಬರೆದದ್ದು ಅಂತ ಇರುತ್ತದೆ, ನೋಡಿ. ಮತ್ತೆ ನೇರವಾಗಿ ಕೇಳುತ್ತೇನೆ: ಈ ವಾಚ್‌ಗೆ ಮುಂಚೆ ನಿಮ್ಮ ಹತ್ತಿರ ಬೇರೆ ಬ್ಯಾಂಡ್ ಇತ್ತಾ? ಅದು ಈಗ ಯಾರ ಕೈಯಲ್ಲಿದೆ?

ನಾಪೋಕ್ಲು ತೋಟದವ · ಬುಧವಾರ ರಾತ್ರಿ 9:58

ಅವ್ವನ ಕೈಯಲ್ಲಿ.

ಹೊಸ ವಾಚ್ ಬಂದ ದಿನವೇ ಹಳೇ ಬ್ಯಾಂಡ್ ಅವ್ವನಿಗೆ ಕಟ್ಟಿದೆ. ಟೈಮ್ ನೋಡಲು ಬೇಕು ಅಂದಿದ್ದರು. ರಾತ್ರಿ ಎದ್ದಾಗ ಕೈ ತಿರುಗಿಸಿದರೆ ಲೈಟ್ ಬರುತ್ತದೆ ಅಂತ ಅವರಿಗೆ ಖುಷಿ, ಮಲಗುವಾಗಲೂ ಬಿಚ್ಚುವುದಿಲ್ಲ. ಬ್ಯಾಂಡ್ ಇರುವುದು ಮನೆಯಲ್ಲಿ ಬಿದ್ದಿರುವ ನನ್ನ ಹಳೇ ಫೋನಿನ ಜೊತೆ. ಆ ಫೋನಿನಲ್ಲೂ ನನ್ನದೇ ಅಕೌಂಟ್. ಈಗ ನೋಡಿದೆ, 62 ಮತ್ತು 63ರ ಕೆಳಗೆ ಹಳೇ ಬ್ಯಾಂಡಿನ ಆ್ಯಪ್ ಹೆಸರೇ ಇದೆ.

ಮಡಿಕೇರಿ ಮಂಜು · ಬುಧವಾರ ರಾತ್ರಿ 10:01

ತಾಯಿ ಮಗನ ಹೃದಯ ಒಂದೇ ಅಂತ ಆ್ಯಪ್‌ಗೂ ಗೊತ್ತಾಗಿದೆ.

ಗೋಣಿಕೊಪ್ಪ ಸಿಸ್ಟರ್ · ಬುಧವಾರ ರಾತ್ರಿ 10:06

ಅಣ್ಣ, ನಗುವುದು ಆಮೇಲೆ. ಹಾಗಾದರೆ ರಾತ್ರಿಯ 44 ಅವ್ವನದ್ದು. ಅವರಿಗೆ ಎಷ್ಟು ವಯಸ್ಸು? ಬಿಪಿ ಮಾತ್ರೆ ಇದೆಯಾ? ತಲೆ ಸುತ್ತುತ್ತದೆ, ಸುಸ್ತು ಅನ್ನುತ್ತಾರಾ?

ನಾಪೋಕ್ಲು ತೋಟದವ · ಬುಧವಾರ ರಾತ್ರಿ 10:15

79. ಬಿಪಿಗೆ ಎರಡು ಮಾತ್ರೆ ಇದೆ, ವರ್ಷಗಳಿಂದ ಅದೇ. ಪುತ್ತರಿ ಹಬ್ಬ ಕಳೆದ ಮೇಲೆ ಎದ್ದು ನಿಂತರೆ ತಲೆ ಸುತ್ತುತ್ತದೆ ಅನ್ನುತ್ತಿದ್ದರು. ವಯಸ್ಸಾಯಿತಲ್ಲ ಅಂತ ನಾವು ಅಷ್ಟು ತಲೆಗೆ ಹಾಕಿಕೊಂಡಿರಲಿಲ್ಲ.

ಗೋಣಿಕೊಪ್ಪ ಸಿಸ್ಟರ್ · ಬುಧವಾರ ರಾತ್ರಿ 10:24

ಗಾಬರಿ ಬೇಡ. ನಿದ್ದೆಯಲ್ಲಿ ಬಡಿತ ಇಳಿಯುವುದು ಸಹಜ, ಬ್ಯಾಂಡ್ ತಪ್ಪು ಓದಿರಲೂಬಹುದು. ಆದರೆ ಬಿಪಿಗೆ ಕೊಡುವ ಕೆಲವು ಮಾತ್ರೆ, ಬೀಟಾ ಬ್ಲಾಕರ್ ಅನ್ನುತ್ತಾರೆ, ಬಡಿತವನ್ನೇ ನಿಧಾನ ಮಾಡುತ್ತದೆ. ಬೆಳಿಗ್ಗೆ ಅವರು ಏಳುವ ಮುಂಚೆ ಹಾಸಿಗೆಯಲ್ಲೇ ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಬರೆದುಕೊಳ್ಳಿ. ಮಾತ್ರೆಯ ಚೀಟಿ ಅಲ್ಲ, ಮಾತ್ರೆಯ ಹಾಳೆಯನ್ನೇ ತೆಗೆದುಕೊಂಡು ಅವರ ಡಾಕ್ಟರ್ ಹತ್ತಿರ ನಾಳೆಯೇ ಹೋಗಿ. ನೀವಾಗಿ ಮಾತ್ರೆ ನಿಲ್ಲಿಸಬೇಡಿ, ಅದು ಇನ್ನೂ ಅಪಾಯ. ಮಧ್ಯೆ ಎಚ್ಚರ ತಪ್ಪಿದರೆ ಕಾಯದೆ 108.

ನಾಪೋಕ್ಲು ತೋಟದವ · ಶುಕ್ರವಾರ ರಾತ್ರಿ 8:10

ನಿನ್ನೆ ಹೋಗಿ ಬಂದೆವು. ಬೆಳಿಗ್ಗೆ ನಾನು ಎಣಿಸಿದಾಗ 47. ಕೈ ಹಿಡಿದುಕೊಂಡು ಕೂತಿದ್ದು ನೋಡಿ ಅವ್ವ ‘ಏನು, ಜೋಯಿಸ ಆದೆಯಾ?’ ಅಂದರು. ಆಸ್ಪತ್ರೆಯಲ್ಲಿ ಇಸಿಜಿಯಲ್ಲಿ 49. ಎರಡರಲ್ಲಿ ಒಂದು ಮಾತ್ರೆ ಸಿಸ್ಟರ್ ಹೇಳಿದ ಜಾತಿಯದ್ದೇ. ಡಾಕ್ಟರ್ ಅದರ ಡೋಸ್ ಕಡಿಮೆ ಮಾಡಿದ್ದಾರೆ, ಎರಡು ವಾರ ಬಿಟ್ಟು ಮತ್ತೆ ಬರಲು ಹೇಳಿದ್ದಾರೆ. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಎಣಿಸಿ ಬರೆಯಬೇಕು. ಬೆರಳಲ್ಲೇ.

ವಿರಾಜಪೇಟೆ ರಿಪೇರಿ · ಶುಕ್ರವಾರ ರಾತ್ರಿ 8:22

ಒಳ್ಳೆಯದಾಯಿತು ಅಣ್ಣ. ಬ್ಯಾಂಡಿಗೆ ಅವ್ವನ ಹೆಸರಲ್ಲೇ ಬೇರೆ ಅಕೌಂಟ್ ಮಾಡಿ. ಆಗದಿದ್ದರೆ ಎರಡೂ ಫೋನ್ ಹಿಡಿದು ಅಂಗಡಿಗೆ ಬನ್ನಿ.

ನಾಪೋಕ್ಲು ತೋಟದವ · ಎರಡು ವಾರದ ನಂತರ, ಭಾನುವಾರ ಸಂಜೆ 6:45

ಅವ್ವನ ಬಡಿತ ಈಗ ಬೆಳಿಗ್ಗೆ 58, 60 ಹೀಗಿದೆ. ತಲೆ ಸುತ್ತು ಕಮ್ಮಿ. ನಿನ್ನೆ ಕೋಳಿಗೂಡಿನ ತನಕ ಒಬ್ಬರೇ ಹೋಗಿ ಮೊಟ್ಟೆ ತಂದರು. ಅಕೌಂಟ್ ಬೇರೆ ಆದ ಮೇಲೆ ನನ್ನ ಆ್ಯಪ್‌ನಲ್ಲಿ ವಿಶ್ರಾಂತಿಯ ಬಡಿತ 70, ವಾಚ್‌ನಲ್ಲಿ 71. ಜಗಳ ಮುಗಿಯಿತು.

ಸೆಂಟರ್ ಫಾರ್ವರ್ಡ್ · ಭಾನುವಾರ ಸಂಜೆ 7:03

ಅಣ್ಣ, ಒಂದು ಸಣ್ಣ ಪ್ರಶ್ನೆ. ಬಡಿತ ಸೇರಿಕೊಂಡಿತ್ತು ಅಂದಮೇಲೆ ಅವ್ವನ ಹೆಜ್ಜೆಯೂ ನಿಮ್ಮ ಲೆಕ್ಕಕ್ಕೇ ಬಂದಿರಬೇಕಲ್ಲ? ಜನವರಿಯ ಪಂದ್ಯ?

ನಾಪೋಕ್ಲು ತೋಟದವ · ಭಾನುವಾರ ಸಂಜೆ 7:20

ಅದನ್ನು ನೋಡಿದೆ. ದಿನಕ್ಕೆ ಮೂರು ನಾಲ್ಕು ಸಾವಿರ ಅವ್ವನದ್ದು. ಕಳೆದರೆ ನಾನು ಮೂರನೇ ಸ್ಥಾನ. ಅವ್ವನಿಗೆ ಹೇಳಿದರೆ ‘ಹಾಗಾದರೆ ಅರ್ಧ ಜೇನು ನನ್ನದು’ ಅನ್ನುತ್ತಾರೆ. ಬಾಟಲಿ ಆಗಲೇ ಮುಕ್ಕಾಲು ಖಾಲಿ. ಗ್ರೂಪ್‌ನಲ್ಲಿ ಇನ್ನೂ ಹೇಳಿಲ್ಲ, ನೀವೂ ಹೇಳಬೇಡಿ.